ರಾಯಪುರಂನ ದುಂಡುಮಲ್ಲಿಗೆ

ಚೆನ್ನೈನಲ್ಲಿ ಗಿಡ ಬೆಳೆಸಬೇಕೆಂದು ಯಾರಾದರೂ ನನ್ನ ಹತ್ತಿರ ಸಲಹೆ ಕೇಳಿದರೆ (ಕೇಳದಿದ್ದರೂ ಹೇಳುತ್ತೇನೆ, ಅದು ಬೇರೆ ಮಾತು) ಮಣ್ಣು, ಗೊಬ್ಬರ, ಕುಂಡದ ವಿಷಯವನ್ನು ನಾನು ಮೊದಲು ಎತ್ತುವುದಿಲ್ಲ. ನಿಮ್ಮ ಬೋರ್‌ವೆಲ್ ನೀರನ್ನು ಒಂದು ಹನಿ ನಾಲಗೆಯ ಮೇಲೆ ಹಾಕಿಕೊಂಡು ನೋಡಿ ಅನ್ನುತ್ತೇನೆ. ನಿಮ್ಮ ನಾಲಗೆಗೆ ಉಪ್ಪು ತಾಗುವ ಹೊತ್ತಿಗೆ ಗಿಡದ ಬೇರಿಗೆ ಅದು ಯಾವತ್ತೋ ತಾಗಿರುತ್ತದೆ. ಮಳೆಗಾಲದಲ್ಲಿ ಇದು ಗೊತ್ತಾಗುವುದಿಲ್ಲ. ಯುಗಾದಿ ಕಳೆದು ನೀರು ಕೆಳಕ್ಕೆ ಇಳಿಯುತ್ತ ಹೋದ ಹಾಗೆ ಎಲೆಗಳ ತುದಿ ಸುಡಲು ಶುರುವಾಗುತ್ತದೆ, ಯಾರೋ ಊದುಬತ್ತಿಯಿಂದ ಒಂದೊಂದನ್ನೇ ಮುಟ್ಟಿ ಹೋದ ಹಾಗೆ.

ಪಂಚಾಂಗದಲ್ಲಿ ಅದು ವಸಂತ ಋತು. ನಮ್ಮ ಅಡ್ಯಾರ್ ಮನೆಯ ತಾರಸಿಗೆ ಮಾತ್ರ ಪಂಚಾಂಗ ಓದಲು ಬರುವುದಿಲ್ಲ. ಈಚಿನ ಒಂದು ವೈಶಾಖದಲ್ಲಿ ಅಲ್ಲಿನ ಸ್ಥಿತಿ ಹೀಗಿತ್ತು: ಟೊಮೆಟೊ ಗಿಡಗಳು ಹೂವನ್ನೆಲ್ಲ ಉದುರಿಸಿ ಕೈಚೆಲ್ಲಿದ್ದವು. ದಾಸವಾಳದ ಕುಡಿಗೆ ಬಿಳಿ ಹಿಟ್ಟಿನ ಹುಳ ಹತ್ತಿತ್ತು. ದೊಡ್ಡಪತ್ರೆ ಮಧ್ಯಾಹ್ನವಾದರೆ ಕಿವಿ ಮುಚ್ಚಿಕೊಂಡು ಕೂರುತ್ತಿತ್ತು, ಸಂಜೆ ಮತ್ತೆ ಎದ್ದು ನಿಲ್ಲುತ್ತಿತ್ತು. ಬದನೆ ಒಂದಕ್ಕೆ ಮಾತ್ರ ನಾಚಿಕೆ ಇಲ್ಲ, ಎಷ್ಟು ಬಿಸಿಲಾದರೂ ಕಾಯಿ ಬಿಡುತ್ತಲೇ ಇತ್ತು. ಕರಿಬೇವಂತೂ ಬಿಸಿಲನ್ನೇ ಉಂಡ ಹಾಗೆ ಹೊಸ ಎಲೆ ಹೊರಡಿಸಿ ಫಳಫಳ ಹೊಳೆಯುತ್ತಿತ್ತು. ಇಷ್ಟೆಲ್ಲದರ ನಡುವೆ, ನೀರಿನ ಟ್ಯಾಂಕಿನ ನೆರಳು ಬೆಳಿಗ್ಗೆ ಸ್ವಲ್ಪ ಹೊತ್ತು ಬೀಳುವ ಮೂಲೆಯಲ್ಲಿ, ಅರ್ಧಕ್ಕೆ ಕೊಯ್ದ ನೀಲಿ ಡ್ರಮ್ಮಿನೊಳಗೆ, ನನ್ನ ಸೊಸೆಯ ತಾಯಿ ನೆಟ್ಟಿದ್ದ ಮಲ್ಲಿಗೆ ಗಿಡ ನಿಂತಿತ್ತು. ಉಳಿದವು ಹೋದರೆ ಬೇರೆ ನೆಡಬಹುದು. ಅದು ಹೋದರೆ ಹೋದಂತೆಯೇ.

ಗಿಡದ ಕಥೆಗೆ ಮುಂಚೆ ಸೊಸೆಯ ವಿಷಯ ಹೇಳಬೇಕು. ನಾವು ಮೈಸೂರಿನ ಕಡೆಯಿಂದ ಇಲ್ಲಿಗೆ ಬಂದವರು. ನಮ್ಮ ಮನೆಯವರಿಗೆ ಮಣಲಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು. ನಾನು ಕೊಳ್ಳೇಗಾಲದ ಸೀರೆಗಳ ಗಂಟು ಹೊತ್ತು ಅಡ್ಯಾರಿನ ಮನೆಮನೆ ಹತ್ತಿಳಿದು, ಆಮೇಲೆ ಒಂದು ಸಣ್ಣ ಅಂಗಡಿ ಮಾಡಿಕೊಂಡವಳು. ಸೊಸೆಯದು ಹಾಗಲ್ಲ. ತಲೆಮಾರುಗಳಿಂದ ಮದ್ರಾಸಿನಲ್ಲೇ ಇರುವ ಕನ್ನಡದ ವೈಷ್ಣವ ಮನೆ, ರಾಯಪುರಂನಲ್ಲಿ ಸಮುದ್ರಕ್ಕೆ ಹತ್ತಿರ. ಅವಳ ಕನ್ನಡದಲ್ಲಿ ಗಿಡ ಅನ್ನುವುದು ಸೆಡಿ, ಹೂವು ಅನ್ನುವುದು ಪೂ. ನಾವು ದುಂಡುಮಲ್ಲಿಗೆ ಅನ್ನುವುದಕ್ಕೆ ಅವರು ಗುಂಡುಮಲ್ಲಿ ಅನ್ನುತ್ತಾರೆ. ಮಾತು ಹೀಗೆ ಒಂದಿಷ್ಟು ಅತ್ತಿತ್ತ ಆದರೂ ಒಂದು ವಿಷಯದಲ್ಲಿ ಎರಡೂ ಮನೆಗೆ ಹೊಂದಿಕೆ ಇತ್ತು. ಬೇಸಿಗೆಯಲ್ಲಿ ಹೆಣ್ಣುಮಕ್ಕಳಿಗೆ ಮೊಗ್ಗಿನ ಜಡೆ ಹಾಕಬೇಕು, ಬಸುರಿಗಂತೂ ಹಾಕಲೇಬೇಕು. ಬಾಳೆಪಟ್ಟೆಯ ಮೇಲೆ ಬಿರಿಯದ ಮೊಗ್ಗುಗಳನ್ನು ಸಾಲುಸಾಲಾಗಿ ಹೊಲಿದು, ಅದನ್ನು ಹೆಣೆದ ಕೂದಲಿನ ಮೇಲೆ ನೆತ್ತಿಯಿಂದ ತುದಿಯವರೆಗೆ ಕಟ್ಟುವ ಅಲಂಕಾರ ಅದು. ಅವಳ ಅಮ್ಮ ಪ್ರತಿ ಬೇಸಿಗೆಯಲ್ಲಿ ಹಿತ್ತಲಿನ ಇದೇ ಗಿಡದ ಮೊಗ್ಗಿನಿಂದ ಮಗಳಿಗೆ ಜಡೆ ಹಾಕುತ್ತಿದ್ದರಂತೆ. ಪೇಟೆಯ ಹೂವಿನ ಒಂದು ಎಳೆಯನ್ನೂ ಸೇರಿಸುತ್ತಿರಲಿಲ್ಲವಂತೆ.

ಬೀಗಿತ್ತಿ ತೀರಿಕೊಂಡ ಮೇಲೆ ರಾಯಪುರಂ ಮನೆಯನ್ನು ಅವಳ ಅಣ್ಣಂದಿರು ಮಾರಿದರು. ಕೊಂಡವರು ಕೆಡವಲು ಶುರು ಮಾಡಿದ ದಿನ ಸೊಸೆ ಅಂಗಡಿಗೆ ಬಂದು ನನ್ನ ಮುಂದೆ ನಿಂತಳು. ಕಣ್ಣೀರಿಲ್ಲ, ಏನಿಲ್ಲ.

"ಅತ್ತೆ, ಒಂದು ಸೆಡಿ ಕಿತ್ಕೊಂಡು ಬರಬೇಕು. ಬರ್ತೀರಾ?"

ಮದುವೆಯಾಗಿ ಬಂದ ಮೇಲೆ ಅವಳು ನನ್ನನ್ನು ಏನಾದರೂ ಕೇಳಿದ್ದರೆ ಅದೇ ಮೊದಲು. ಆಟೋ ಹಿಡಿದು ಹೋದೆವು.

ಅಲ್ಲಿನ ಮೇಸ್ತ್ರಿ ಒಳ್ಳೆಯವನೇ. ಬೇಕಾದರೆ ಎಳೆದುಕೊಂಡು ಹೋಗಿ ಅಂದ. ಇಲ್ಲೇ ಜನ ಎಡವುವುದು. ಹಳೆಯ ಮಲ್ಲಿಗೆಯನ್ನು ಎಳೆದು ಕಿತ್ತರೆ ಕೈಗೆ ಸೌದೆ ಬರುತ್ತದೆ, ಗಿಡ ಬರುವುದಿಲ್ಲ. ಬೇರಿನ ಸುತ್ತ ಮಣ್ಣಿನ ಹೆಂಟೆ ಒಡೆಯದ ಹಾಗೆ ಅಗೆದು, ಕೂಸನ್ನು ಎತ್ತಿದ ಹಾಗೆ ಎತ್ತಬೇಕು. ಅದಕ್ಕೆ ಅವನ ಇಬ್ಬರು ಆಳು ಬೇಕು, ಅರ್ಧ ದಿನ ಬೇಕು. ಅವನೇಕೆ ಕೊಡುತ್ತಾನೆ? ನಾನು ಗಿಡದ ಮಾತು ಬಿಟ್ಟು ಅವನು ಬಾಗಿಲಲ್ಲಿ ರಾಶಿ ಹಾಕಿದ್ದ ತೇಗದ ಚೌಕಟ್ಟುಗಳನ್ನು ತಟ್ಟಿ ನೋಡಿದೆ. ಇದನ್ನು ಗುಜರಿಯವನಿಗೆ ತೂಕದ ಲೆಕ್ಕಕ್ಕೆ ಕೊಡಬೇಡ, ಹಳೆಯ ಮರ ಹುಡುಕಿಕೊಂಡು ಬರುವ ಗಿರಾಕಿಗಳು ನನಗೆ ಗೊತ್ತು, ಕಳಿಸುತ್ತೇನೆ ಅಂದೆ. ಅವನು ನನ್ನ ಮುಖ ನೋಡಿದ, ಚೌಕಟ್ಟು ನೋಡಿದ, ಆಳುಗಳನ್ನು ಕೂಗಿದ. ಬಾವಿಕಟ್ಟೆಯ ಪಕ್ಕದ ಆ ಮರಳುಮಣ್ಣಿನ ಸಮೇತ ಗಿಡ ಗೋಣಿಯಲ್ಲಿ ಸುತ್ತಿಕೊಂಡು ಸಣ್ಣ ಲಾರಿಯಲ್ಲಿ ಅಡ್ಯಾರಿಗೆ ಬಂತು. ಸೊಸೆ ಹಿಂದೆ ಗಿಡದ ಹತ್ತಿರವೇ ಕೂತಳು.

ಡ್ರಮ್ಮಿನ ವಿಷಯದಲ್ಲೂ ಒಂದು ಮಾತು. ಮಣಲಿಯ ಕಡೆ ಡ್ರಮ್ಮು ಸಸ್ತಾ ಸಿಗುತ್ತದೆಂದು ಕಣ್ಣು ಮುಚ್ಚಿ ತರಬೇಡಿ. ಯಾವ ರಾಸಾಯನಿಕ ತುಂಬಿದ್ದರೋ, ಮೊದಲು ಒಳಗೆ ತಲೆ ಹಾಕಿ ಮೂಸಿ. ನಾನು ಸೋಪಿನ ವಾಸನೆ ಇದ್ದುದನ್ನೇ ಆರಿಸಿ, ತೊಳೆದು, ಬಿಸಿಲಿಗಿಟ್ಟು, ತಳಕ್ಕೆ ತೂತು ಹಾಕಿಸಿ, ಆಮೇಲೆ ಗಿಡ ಇಳಿಸಿದೆ.

ಗಿಡ ಬದುಕಿತು. ಎಲೆ ಬಿಟ್ಟಿತು, ಬಳ್ಳಿಯ ಹಾಗೆ ಉದ್ದುದ್ದ ಕುಡಿ ಚಾಚಿತು. ಹೂವು ಮಾತ್ರ ಬಿಡಲಿಲ್ಲ. ಒಂದು ಬೇಸಿಗೆ ಹೋಯಿತು, ಸ್ಥಳ ಬದಲಾದ ದಿಗಿಲು ಅಂದುಕೊಂಡೆವು. ಇನ್ನೊಂದು ಬೇಸಿಗೆಯೂ ಹೋಯಿತು. ಸೊಸೆ ಬೆಳಿಗ್ಗೆ ಬಟ್ಟೆ ಒಣಹಾಕುವ ನೆಪದಲ್ಲಿ ಮೇಲೆ ಹೋಗಿ, ಕುಡಿಗಳನ್ನು ಒಂದೊಂದಾಗಿ ಎತ್ತಿ ನೋಡಿ, ಇಳಿದು ಬಂದು ಕಾಫಿ ಬೆರೆಸುತ್ತಿದ್ದಳು. ಲೋಟ ಇಡುವ ಸದ್ದಿನಲ್ಲೇ ನನಗೆ ಗೊತ್ತಾಗುತ್ತಿತ್ತು, ಇವತ್ತೂ ಇಲ್ಲ.

ಅದಾದ ಮೇಲಿನ ಚಳಿಗಾಲದಲ್ಲಿ ಅವಳು ಬಸುರಿ ಎಂದು ತಿಳಿಯಿತು. ಏಳನೆಯ ತಿಂಗಳಲ್ಲಿ ಸೀಮಂತ, ವೈಶಾಖದ ಹುಣ್ಣಿಮೆಯ ಆಸುಪಾಸು ಎಂದು ಪುರೋಹಿತರು ದಿನ ಹೇಳಿದರು. ಏನು ಸೀರೆ ಬೇಕಮ್ಮ, ಅಂಗಡಿಯಲ್ಲಿ ಯಾವುದಿದೆಯೋ ಅದು ನಿನ್ನದು ಅಂದೆ.

"ಸೀರೆ ಏನೋ ಒಂದು ಉಟ್ಕೊಳ್ತೀನಿ ಅತ್ತೆ. ಪೂ ಜಡೆ ಮಾತ್ರ ಅಮ್ಮಾ ಸೆಡಿದೇ ಇದ್ರೆ…" ಎಂದು ಅಷ್ಟಕ್ಕೇ ನಿಲ್ಲಿಸಿದಳು.

"ಆಗ್ಲಿ," ಅಂದುಬಿಟ್ಟೆ.

ಸರಕು ಕೈಯಲ್ಲಿಲ್ಲದೆ ಗಿರಾಕಿಗೆ ಆಗಲಿ ಅನ್ನುವವಳಲ್ಲ ನಾನು. ಆ ದಿನ ಅಂದೆ.

ಮೊದಲ ಕೆಲಸ ನೀರು. ಬೋರ್‌ವೆಲ್ ನೀರನ್ನು ಆ ಗಿಡಕ್ಕೆ ಪೂರ್ತಿ ನಿಲ್ಲಿಸಿದೆ. ನಲ್ಲಿ ನೀರು ಬರುವುದೇ ಅಳತೆಯಲ್ಲಿ. ಹಾಗಾದರೆ ಎಲ್ಲಿಂದ ತರುವುದು ಎಂದು ತಾರಸಿಯಲ್ಲಿ ನಿಂತು ಯೋಚಿಸುತ್ತಿದ್ದಾಗ ಗೋಡೆಯ ಮೇಲೆ ಟಪ್ ಟಪ್ ಎಂದು ಬೀಳುತ್ತಿದ್ದ ಹನಿ ಕಿವಿಗೆ ಬಿತ್ತು. ಏಸಿ ಯಂತ್ರದ ನೀರು. ಬೆರಳಲ್ಲಿ ಹಿಡಿದು ನಾಲಗೆಗೆ ಮುಟ್ಟಿಸಿದೆ. ರುಚಿಯೇ ಇಲ್ಲ, ಮಳೆನೀರಿನ ಹಾಗೆ. ಈ ಊರಿನ ಗಾಳಿಯಲ್ಲಿ ಎಷ್ಟು ನೀರಿದೆ ಎಂದು ಇಷ್ಟು ವರ್ಷ ಬೆವರು ಒರೆಸಿಕೊಂಡೆನೇ ಹೊರತು ಯೋಚಿಸಿರಲಿಲ್ಲ. ಸಮುದ್ರದಿಂದ ಎದ್ದು ಬಂದ ನೀರು, ಉಪ್ಪನ್ನು ಅಲ್ಲೇ ಬಿಟ್ಟು, ಗಾಳಿಯಲ್ಲಿ ಕಾಣದ ಹಾಗೆ ತೇಲಿ, ನಮ್ಮ ಮಲಗುವ ಕೋಣೆಗೆ ಬಂದು, ಯಂತ್ರದಲ್ಲಿ ಹಿಂಡಿಸಿಕೊಂಡು ಹನಿಯಾಗಿ ಇಳಿಯುತ್ತಿದೆ. ಅದನ್ನು ಹಿಡಿಯುವವರಿಲ್ಲದೆ ಗೋಡೆಗೆ ಪಾಚಿ ಕಟ್ಟುತ್ತಿದೆ.

ನಮ್ಮ ಒಂದು ಏಸಿಯ ನೀರು ಸಾಲದು. ನಮ್ಮದೇ ಮಹಡಿಯಲ್ಲಿ ಎದುರು ಬಾಗಿಲಿನ ಮಾಮಿಯ ಮನೆಯಲ್ಲಿ ಹಗಲೂ ಇರುಳೂ ಏಸಿ ಓಡುತ್ತದೆ. ಅವರದು ತಮಿಳು, ನನ್ನದು ಅರ್ಧ ತಮಿಳು, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಬೇಕು ಎಂದು ಬಾಯಿಬಿಟ್ಟ ತಕ್ಷಣ ಯಾವ ವಸ್ತುವಿಗಾದರೂ ಬೆಲೆ ಏರುತ್ತದೆ. ಹಾಗಾಗಿ ನಾನು ಉಪಕಾರದ ದಾರಿ ಹಿಡಿದೆ.

"ಮಾಮಿ, ನಿಮ್ಮ ಏಸಿ ನೀರು ಬಿದ್ದೂ ಬಿದ್ದೂ ಗೋಡೆ ಹಾಳಾಗ್ತಿದೆ. ಒಂದು ಟ್ಯೂಬ್ ಹಾಕ್ಸಿ ಈ ಕಡೆ ತಿರುಗಿಸಿಕೊಡ್ಲಾ?"

"ನನ್ನ ಗೋಡೆ ಮೇಲೆ ನಿನಗ್ಯಾಕೆ ಇಷ್ಟು ಅಕ್ಕರೆ?"

"ಎದುರು ಮನೆ ಅಂದ್ರೆ ಅಷ್ಟೂ ಬೇಡ್ವಾ?"

"ಬೇಕು, ಬೇಕು. ಆ ಕಡೆ ಅಂದ್ರೆ ನಿನ್ನ ಡ್ರಮ್ಮು ಇರೋ ಕಡೆ ತಾನೇ?" ಮಾಮಿ ಕನ್ನಡಕ ಏರಿಸಿಕೊಂಡರು. "ಹಾಗಾದ್ರೆ ನನ್ನ ತುಳಸಿ ಏನು ಪಾಪ ಮಾಡಿತ್ತು?"

ಅವರೂ ಸಾಮಾನ್ಯರಲ್ಲ. ಕೊನೆಗೆ ಮಾತಾದದ್ದು ಹೀಗೆ: ಬೆಳಗಿನ ಮೊದಲ ಚೊಂಬು ಮಾಮಿಯ ತುಳಸಿಗೆ, ಉಳಿದದ್ದು ನನಗೆ, ಬದಲಿಗೆ ಅವರಿಗೆ ಬೇಕೆಂದಾಗಲೆಲ್ಲ ನಮ್ಮ ಕರಿಬೇವು. ಇದರಲ್ಲಿ ನನಗೆ ನಷ್ಟವಿಲ್ಲ. ಕರಿಬೇವನ್ನು ಕಿತ್ತಷ್ಟೂ ಅದು ಮತ್ತಷ್ಟು ಕವಲೊಡೆಯುತ್ತದೆ, ಅದನ್ನು ಮಾಮಿಗೆ ಹೇಳಲಿಲ್ಲ.

ಎರಡನೆಯ ಕೆಲಸ ಕಷ್ಟದ್ದು. ಹುಡುಗಿಯಾಗಿದ್ದಾಗ ಮೈಸೂರಿನ ಹತ್ತಿರ ಬೇರೆಯವರ ಮಲ್ಲಿಗೆ ತೋಟಗಳಲ್ಲಿ ನಾನು ಮೊಗ್ಗು ಬಿಡಿಸುವ ಕೂಲಿಗೆ ಹೋಗುತ್ತಿದ್ದೆ. ಅಲ್ಲಿ ನೋಡಿದ್ದೆ. ಬರೀ ಎಲೆ ಬಿಟ್ಟುಕೊಂಡು ಸುಖವಾಗಿರುವ ಮಲ್ಲಿಗೆ ಹೂವಿನ ಗೊಡವೆಗೆ ಹೋಗುವುದಿಲ್ಲ. ಅದಕ್ಕೆ ನೀರು ನಿಲ್ಲಿಸಿ ಒಣಗಿಸಿ, ಕೊಂಬೆಗಳನ್ನು ಮೊಣಕಾಲೆತ್ತರಕ್ಕೆ ಸವರಿ, ಉಳಿದ ಎಲೆಗಳನ್ನು ಒಂದೂ ಬಿಡದೆ ಕೈಯಿಂದ ಸುಲಿಯುತ್ತಿದ್ದರು. ಆಮೇಲೆ ಗೊಬ್ಬರ, ನೀರು. ಗಿಡಕ್ಕೆ ಪ್ರಾಣಭಯ ಹುಟ್ಟಿ ಹೂವಿಗೆ ಇಳಿಯುತ್ತದೆ ಎಂದು ತೋಟದವರು ಹೇಳುತ್ತಿದ್ದರು. ಯುಗಾದಿಯ ಅಮಾವಾಸ್ಯೆಗೆ ಸುಲಿದರೆ ಚೈತ್ರದ ಹುಣ್ಣಿಮೆ ದಾಟಿ, ವೈಶಾಖದ ಹುಣ್ಣಿಮೆಗೆ ಮೊಗ್ಗು ಸಿದ್ಧ. ಅಲ್ಲಿನ ಲೆಕ್ಕ ಅದು. ಸೀಮಂತವೂ ಅದೇ ಹುಣ್ಣಿಮೆಗೆ. ಇದಕ್ಕಿಂತ ಹೊಂದಿಕೆ ಬೇಕೇ?

ಯುಗಾದಿ ಅಮಾವಾಸ್ಯೆಯ ದಿನ ಸೊಸೆ ಡಾಕ್ಟರ ಹತ್ತಿರ ಹೋಗಿದ್ದ ಹೊತ್ತಿನಲ್ಲಿ ಕತ್ತರಿ ಹಿಡಿದು ಕೂತೆ. ಮೊದಲ ಕೊಂಬೆ ಕತ್ತರಿಸುವಾಗ ಕೈ ತಡೆಯಿತು. ಇದು ನನ್ನ ಗಿಡವಲ್ಲ, ನೆಟ್ಟವರೂ ಈಗ ಇಲ್ಲ. ಸತ್ತರೆ ಯಾರ ಹತ್ತಿರ ಬದಲು ಕೇಳುವುದು? ಆದರೂ ಸವರಿದೆ. ಎಲೆ ಸುಲಿದು ಮುಗಿಯುವ ಹೊತ್ತಿಗೆ ಡ್ರಮ್ಮಿನಲ್ಲಿ ಉಳಿದದ್ದು ಕಡ್ಡಿಪೊರಕೆಯ ಹಾಗಿತ್ತು.

ಸಂಜೆ ಅವಳು ಮೇಲೆ ಬಂದಳು. ನಾನು ಎಲೆಗಳನ್ನು ಗೋಣಿಗೆ ತುಂಬುತ್ತಿದ್ದೆ.

"ಅತ್ತೆ, ಏನಿದು. ಅಮ್ಮಾ ಸೆಡಿಗೆ ಮೊಟ್ಟೈ ಹೊಡ್ದ್‌ಬಿಟ್ರಾ?"

ತಲೆ ಬೋಳಿಸುವುದಕ್ಕೆ ಅವರ ಮನೆಯ ಮಾತು ಅದು. ನಾನು ಹಗುರ ಮಾಡಲು ನೋಡಿದೆ.

"ತಿರುಪತಿಗೆ ಕೊಟ್ಟ ಕೂದಲು ಮತ್ತೆ ಬೆಳೆಯಲ್ವೇನಮ್ಮ? ಹಾಗೇ ಅನ್ಕೋ."

"ಕೂದಲು ಕೊಡೋರು ಬದುಕಿರ್ತಾರೆ ಅತ್ತೆ," ಅಂದಳು. ಇಳಿದು ಹೋದಳು.

ಅಂದಿನಿಂದ ಬಟ್ಟೆ ಒಣಹಾಕಲು ಅವಳು ತಾರಸಿಗೆ ಬರಲಿಲ್ಲ. ಬಾಲ್ಕನಿಯ ಕಂಬಿಯ ಮೇಲೆ ಹರವುತ್ತಿದ್ದಳು. ಜಗಳವಿಲ್ಲ, ಕಾಫಿ ತಪ್ಪಿಸಲಿಲ್ಲ, ಕೇಳಿದ್ದಕ್ಕೆ "ಸರಿ ಅತ್ತೆ" ಎಂದಷ್ಟೇ. ಜಗಳವಾಡುವ ಗಿರಾಕಿಯನ್ನು ಸಂಭಾಳಿಸುವುದು ನನಗೆ ಬರುತ್ತದೆ. ಸುಮ್ಮನಿರುವವರ ಮುಂದೆ ನನ್ನ ವಿದ್ಯೆ ನಡೆಯುವುದಿಲ್ಲ. ಮಗ ಮಣಲಿಯ ಶಿಫ್ಟು ಮುಗಿಸಿ ಬಂದವನು ಇಬ್ಬರ ಮುಖವನ್ನೂ ನೋಡಿ, ಊಟ ಮಾಡಿ, ಮೆತ್ತಗೆ ಮಲಗಲು ಹೋಗುತ್ತಿದ್ದ.

ಮನೆಯವರು ಒಂದು ದಿನ ತಾರಸಿಗೆ ಬಂದು ಆ ಕಡ್ಡಿಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಸೀರೆಗಾದ್ರೆ ಬಣ್ಣ ಹೋಗಲ್ಲ ಅಂತ ಗ್ಯಾರಂಟಿ ಕೊಡ್ತೀಯ. ಇದಕ್ಕೂ ಕೊಟ್ಟಿದ್ದೀಯಾ?"

"ಇಲ್ಲ."

"ಮತ್ತೆ?"

"ಮಾತು ಕೊಟ್ಟಿದ್ದೀನಿ."

"ಅದು ಇನ್ನೂ ಕಷ್ಟ," ಅಂದು ಕೆಳಗಿಳಿದರು.

ನಾನು ಆಡಿನ ಹಿಕ್ಕೆ ತರಿಸಿ ಬುಡಕ್ಕೆ ಹಾಕಿದೆ. ಕಡಲೆಕಾಯಿ ಹಿಂಡಿಯನ್ನು ನೆನೆಸಿ, ತಿಳಿಯನ್ನು ಮಾತ್ರ ಸುರಿದೆ. ನಾತಕ್ಕೆ ಮಾಮಿ ಕಿಟಕಿ ಮುಚ್ಚಿಕೊಂಡರು, ಅದಕ್ಕೆ ಇನ್ನೊಂದು ಹಿಡಿ ಕರಿಬೇವು ಹೆಚ್ಚು ಹೋಯಿತು. ಹಿಂಡಿ ನೀರನ್ನು ಬೆಳಿಗ್ಗೆ ಮುಂಚೆ ಹಾಕಿ, ಬಿಸಿಲೇರಿದ ಮೇಲೆ ಹಾಕಬೇಡಿ, ಬೇರು ಬೇಯುತ್ತದೆ. ಏಸಿ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಸಂಜೆ ಹನಿಸಿದೆ. ಆಮೇಲೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ನನ್ನಂಥವಳಿಗೆ ಇದೇ ಶಿಕ್ಷೆ.

ಒಂದು ಬೆಳಿಗ್ಗೆ ಕಡ್ಡಿಯ ಗಿಣ್ಣಿನಲ್ಲಿ ಕೆಂಪಗೆ ಏನೋ ಕಂಡಿತು. ಇರುವೆ ಅಂದುಕೊಂಡು ಊದಿದೆ, ಹೋಗಲಿಲ್ಲ. ಕನ್ನಡಕ ತಂದು ನೋಡಿದೆ. ಸೂಜಿಯ ಮೊನೆಯಷ್ಟು ಕುಡಿ. ಮೇಲಿನ ಗಿಣ್ಣಿನಲ್ಲೂ ಒಂದು, ಅದರ ಎದುರಿಗೂ ಒಂದು. ಸತ್ತಿದೆ ಎಂದು ನಾನೇ ಮನಸ್ಸಿನಲ್ಲಿ ಒಪ್ಪಿಕೊಂಡಿದ್ದ ಕೊಂಬೆಯ ಬುಡದಿಂದಲೂ, ಆ ಬೂದುಬಣ್ಣದ ತೊಗಟೆಯನ್ನು ಸೀಳಿಕೊಂಡು, ಒಂದು. ನಾನು ಯಾರಿಗೂ ಹೇಳಲಿಲ್ಲ. ಕೈಗೆ ಬರದ ಸರಕನ್ನು ತೋರಿಸಬಾರದು.

ಆಮೇಲಿನದನ್ನು ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಇಲ್ಲಿನವರು ಕತ್ತರಿ ಅನ್ನುವ ನಡುಬೇಸಿಗೆಯ ಉರಿಬಿಸಿಲು ಶುರುವಾಗಿತ್ತು, ಕಾಗೆಗಳೂ ಬಾಯ್ತೆರೆದುಕೊಂಡು ಟ್ಯಾಂಕಿನ ಕೆಳಗೆ ಕೂರುತ್ತಿದ್ದವು, ಬರಿಗಾಲಲ್ಲಿ ತಾರಸಿ ದಾಟಲಾಗುತ್ತಿರಲಿಲ್ಲ. ಬದನೆ ಕೂಡ ಕೊನೆಗೆ ಸೋತಿತ್ತು. ಆ ಬೆಂಕಿಯ ನಡುವೆ ಈ ಗಿಡ ಮಾತ್ರ, ಎಲ್ಲರೂ ಬಿಡುವ ಹೊತ್ತಿನಲ್ಲಿ ಹಿಡಿಯಲು ಬಂದವರ ಹಾಗೆ, ದಿನದಿನಕ್ಕೆ ಮೇಲೆದ್ದಿತು. ಕೆಂಪು ಕುಡಿ ಹಸಿರಾಯಿತು, ಹಸಿರಿನ ತುದಿ ಮೂರಾಗಿ ಒಡೆಯಿತು, ಒಂದೊಂದು ತುದಿಗೂ ಹಸಿರು ಮುತ್ತಿನ ಗೊಂಚಲು. ಬಗ್ಗಿ ಕೆಳಗಿನಿಂದ ನೋಡಿದರೆ ಎಲೆಗಿಂತ ಮೊಗ್ಗೇ ಹೆಚ್ಚು. ಎರಡು ಬೇಸಿಗೆ ಮುಷ್ಟಿ ಬಿಗಿಹಿಡಿದು ಕೂತದ್ದನ್ನೆಲ್ಲ ಒಟ್ಟಿಗೆ ತೆರೆದು ಸುರಿಯುವ ಹಾಗಿತ್ತು. ಅಂಗಡಿಯಲ್ಲಿ ನಾನು ಎಷ್ಟೋ ಜರಿ ನೋಡಿದ್ದೇನೆ, ಹಿಂದೆ ತಿರುಗಿಸಿ ಎಳೆ ಪರೀಕ್ಷೆ ಮಾಡಿದ್ದೇನೆ. ಇದಕ್ಕೆ ಹಿಂದೆ, ಮುಂದೆ ಎರಡೂ ಒಂದೇ. ನೇಯ್ದ ಕೈಯನ್ನು ಎಲ್ಲಿ ಹುಡುಕುವುದು?

ಸೊಸೆಯನ್ನು ಕರೆದೆ.

"ಮೆಲ್ಲಗೆ ಹತ್ತು. ಕಂಬಿ ಹಿಡ್ಕೋ. ಚಪ್ಪಲಿ ಹಾಕ್ಕೊಂಡು ಬಾ."

ಅವಳು ಒಂದು ಕೈ ಹೊಟ್ಟೆಯ ಮೇಲಿಟ್ಟು ಬಂದಳು. ಡ್ರಮ್ಮಿನ ಹತ್ತಿರ ನಿಂತು, ಮೊದಲಿನ ಹಾಗೆಯೇ ಒಂದು ಕುಡಿಯನ್ನು ಎತ್ತಿ ನೋಡಿದಳು. ಬಿಟ್ಟಳು. ಇನ್ನೊಂದನ್ನು ಎತ್ತಿದಳು. ಹೀಗೆ ಸುತ್ತ ಬಂದು ಮತ್ತೆ ಮೊದಲಿನದಕ್ಕೆ ಬಂದಳು. ನನ್ನ ಕಡೆ ತಿರುಗಿದಾಗ ಏನೋ ಹೇಳಬೇಕೆಂದು ಬಾಯಿ ತೆರೆದಳು, ಹೇಳಿದ್ದು ಬೇರೆ.

"ಅತ್ತೆ, ಇದು ಸೀಮಂತಕ್ಕೆ ನಿಲ್ಲಲ್ಲ."

ನನಗೆ ಆಗ ಹೊಳೆಯಿತು. ಮೊಗ್ಗುಗಳ ತುದಿ ಆಗಲೇ ಬೆಳ್ಳಗಾಗಿತ್ತು. ಮೈಸೂರಿನ ತಂಪಿನಲ್ಲಿ ನಿಂತು ಮಾಡಿದ ಹುಣ್ಣಿಮೆಯ ಲೆಕ್ಕವನ್ನು ನಾನು ಚೆನ್ನೈನ ಕತ್ತರಿ ಬಿಸಿಲಿಗೆ ತಂದು ಹಚ್ಚಿದ್ದೆ. ಇಲ್ಲಿನ ಕಾವಿಗೆ ಗಿಡ ಎರಡು ಹೆಜ್ಜೆಯ ಜಾಗದಲ್ಲಿ ಮೂರು ಹೆಜ್ಜೆ ಹಾಕಿತ್ತು. ಹುಣ್ಣಿಮೆ ಇನ್ನೂ ದೂರ, ಆಕಾಶದಲ್ಲಿ ಚಂದ್ರ ಎಳೆಯ ಗೆರೆ. ಇಷ್ಟು ವರ್ಷ ಇದೇ ಊರಿನ ಬಿಸಿಲಲ್ಲಿ ಸೀರೆ ಗಂಟು ಹೊತ್ತು ತಿರುಗಿದವಳು, ಗಿಡಕ್ಕೂ ಆ ಬಿಸಿಲು ತಾಗುತ್ತದೆ ಎಂದು ಲೆಕ್ಕ ಹಾಕಲಿಲ್ಲ.

ಕೂತು ಕೊರಗುವುದು ನನ್ನ ಜಾಯಮಾನವಲ್ಲ. ಪುರೋಹಿತರಿಗೆ ಫೋನು ಮಾಡಿ ದಿನ ಹಿಂದಕ್ಕೆ ತರಲಾಗುತ್ತದೆಯೇ ಎಂದು ಕೇಳಿದೆ.

"ಅಮ್ಮಾ, ಮುಹೂರ್ತ ನಿಮ್ಮ ಅಂಗಡಿ ಸೀರೆ ಅಲ್ಲ, ಇದು ಬೇಡ ಇನ್ನೊಂದು ತೋರಿಸಿ ಅನ್ನೋಕೆ," ಅಂದರು. ಅವರು ಹೇಳಿದ ಬೇರೆ ದಿನಗಳೆಲ್ಲ ಹುಣ್ಣಿಮೆಯ ಆಚೆಗಿದ್ದವು.

ದಿನ ಬಗ್ಗದಿದ್ದರೆ ಗಿಡವನ್ನಾದರೂ ತಡೆಯೋಣ ಎಂದು ಹಳೆಯ ಸೀರೆಯನ್ನು ಒದ್ದೆ ಮಾಡಿ ಡ್ರಮ್ಮಿನ ಮೇಲೆ ಚಪ್ಪರ ಕಟ್ಟಿದೆ. ನೀರು ಕಡಿಮೆ ಮಾಡಿದೆ. ಮರುದಿನ ಮೊಗ್ಗು ಇನ್ನಷ್ಟು ದಪ್ಪಗಾಗಿತ್ತು, ನೆರಳು ಸಿಕ್ಕಿತಲ್ಲ ಎಂದು ಸಂತೋಷಪಟ್ಟ ಹಾಗೆ. ಮಾಮಿಯ ಸಲಹೆಯಂತೆ ಒಂದು ಹಿಡಿ ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟು ನೋಡಿದೆ. ಎರಡು ದಿನ ಕಳೆದು ತೆಗೆದರೆ ಮೊಗ್ಗಿನ ಅಂಚು ಕಂದಾಗಿತ್ತು, ವಾಸನೆ ಸಾಂಬಾರಿನದು. ಸೀಮಂತದವರೆಗೆ ಹೇಗೂ ಬಾರದು.

"ಈ ಊರಿಗೆ ಬಂದ ಮೇಲೆ ನಿನ್ನ ಚೌಕಾಸಿಗೆ ಬಗ್ಗದೋಳು ಇದೇ ಮೊದಲ್ನೇ ಸಲ ಸಿಕ್ಕಿದ್ದು," ಎಂದು ಮನೆಯವರು ಫ್ರಿಜ್ಜಿನ ಬಾಗಿಲು ಹಿಡಿದು ನಿಂತು ಹೇಳಿದರು. ಅವರು ನಕ್ಕರು, ನನಗೆ ನಗು ಬರಲಿಲ್ಲ. ಕೊಟ್ಟ ಮಾತು ಅರ್ಧಕ್ಕೆ ನಿಂತಿತ್ತು. ಬೀಗಿತ್ತಿಯ ಗಿಡ ತನ್ನ ಪಾಲಿನದನ್ನು ಪೂರ್ತಿ ಕೊಟ್ಟಿತ್ತು, ದಿನ ತಪ್ಪಿಸಿದವಳು ನಾನು.

ಸೊಸೆ ಆ ಕಂದಿದ ಮೊಗ್ಗುಗಳನ್ನು ಅಂಗೈಯಲ್ಲಿ ಹಿಡಿದು ನೋಡುತ್ತಿದ್ದಳು.

"ಅತ್ತೆ, ನಾಳೆ ಬಾಳೆಪಟ್ಟೆ ಸಿಗತ್ತಾ?"

"ಯಾಕೆ?"

"ನಾಳೆ ಜಡೆ ಹಾಕ್ಕೊಳ್ತೀನಿ."

"ನಾಳೆ ಏನೂ ಇಲ್ವಲ್ಲಮ್ಮ. ಬರೀ ಒಂದು ದಿನ."

"ಅಮ್ಮ ನನಗೆ ಹಾಕ್ತಾ ಇದ್ದಾಗಲೂ ಏನೂ ಇರ್ತಿರಲಿಲ್ಲ ಅತ್ತೆ. ಸೆಡಿ ಪೂ ಬಿಟ್ರೆ ಹಾಕೋರು. ಸುಮ್ಮಾ." ಮೊಗ್ಗುಗಳನ್ನು ತಟ್ಟೆಗೆ ಸುರಿದಳು. "ಸೀಮಂತಕ್ಕೆ ಪೇಟೆ ಪೂ ತನ್ನಿ. ಬರೋರಿಗೆ ಅದು ಸಾಕು."

ಮರುದಿನ ಬೆಳಕು ಹರಿಯುವ ಮುಂಚೆ ಇಬ್ಬರೂ ತಾರಸಿಗೆ ಹೋದೆವು. ಮೊಗ್ಗು ಬಿಡಿಸುವುದಕ್ಕೆ ಒಂದು ಕ್ರಮವಿದೆ. ಹಸಿರಿದ್ದದ್ದನ್ನು ಮುಟ್ಟಬಾರದು, ಬೆಳ್ಳಗೆ ತುಂಬಿಕೊಂಡು ಇವತ್ತು ಸಂಜೆ ಬಿರಿಯುವುದನ್ನು ಮಾತ್ರ, ಉಗುರು ತಾಗದ ಹಾಗೆ, ತೊಟ್ಟಿನ ಸಮೇತ ತಿರುವಿ ತೆಗೆಯಬೇಕು. ನನ್ನ ಬೆರಳಿಗೆ ಅದು ಮರೆತಿರಲಿಲ್ಲ. ಅವಳು ಕೂತಲ್ಲಿಂದ ಕೈಗೆಟುಕುವುದನ್ನು ಬಿಡಿಸಿದಳು, ನಾನು ಉಳಿದದ್ದನ್ನು. ಬೆತ್ತದ ಬುಟ್ಟಿ ತುಂಬಿತು. ಒಂದು ಬದಿಯ ಕೊಂಬೆಯನ್ನು ಅವಳು ಮುಟ್ಟಗೊಡಲಿಲ್ಲ.

"ಅದು ಇರಲಿ. ಅಮ್ಮ ಪೂರ್ತಿ ಬಿಡಿಸ್ತಾ ಇರಲಿಲ್ಲ."

ಮಾಮಿ ತಮ್ಮ ಬಾಗಿಲಲ್ಲಿ ನಿಂತು ಬುಟ್ಟಿ ನೋಡಿದರು. "ನನ್ನ ಏಸಿಯಲ್ಲಿ ಇಷ್ಟು ಮಲ್ಲಿ ಇತ್ತಾ," ಅಂದರು. ಅವರಿಗೂ ಒಂದು ಹಿಡಿ ಕೊಟ್ಟೆ, ಒಪ್ಪಂದದ ಹೊರಗೆ.

ಮಧ್ಯಾಹ್ನವೆಲ್ಲ ಅವಳು ಮಂಚದ ಮೇಲೆ ದಿಂಬಿಗೆ ಒರಗಿ ಕೂತು ಹೊಲಿದಳು. ನನಗೆ ಹೊಲಿಯಲು ಬರುವುದಿಲ್ಲ. ನಮ್ಮ ಕಡೆ ಮೊಗ್ಗಿನ ಜಡೆಯನ್ನು ನಾನು ಇತರರ ತಲೆಯ ಮೇಲೆ ನೋಡಿದ್ದೆ, ಬಿಡಿಸಿದ ಮೊಗ್ಗನ್ನು ಅಳೆದು ಕೊಟ್ಟಿದ್ದೆ, ಅಷ್ಟೇ. ಒದ್ದೆ ಬಟ್ಟೆಯಿಂದ ಒಂದೇ ಗಾತ್ರದವನ್ನು ಆರಿಸಿ ಅವಳ ಕೈಗೆ ಕೊಡುವುದು ನನ್ನ ಕೆಲಸವಾಯಿತು. ತೊಟ್ಟನ್ನು ತೊಟ್ಟಿಗೆ ಸೇರಿಸಿ, ಸೂಜಿ ಬಾಳೆಪಟ್ಟೆಯಲ್ಲಿ ಇಳಿದು ಮೇಲೆ ಬರುವುದನ್ನು ನೋಡುತ್ತಿದ್ದೆ. ಒಂದು ಕಡೆ ಸಾಲು ತಪ್ಪಿದಾಗ ಅವಳು ತನಗೆ ತಾನೇ "ಇಲ್ಲ, ಇಲ್ಲಿ ಒಳಗಡೆಯಿಂದ" ಎಂದು ಬಿಚ್ಚಿ ಮತ್ತೆ ಹೊಲಿದಳು. ಹೊಟ್ಟೆಯೊಳಗೆ ಕೂಸು ಒದ್ದಾಗ ಸೂಜಿ ನಿಲ್ಲಿಸುತ್ತಿದ್ದಳು. ಕೋಣೆಯ ಏಸಿ ಹೊರಗೆ ಬಕೆಟ್ಟಿಗೆ ತನ್ನ ಹನಿ ಬೀಳಿಸುತ್ತಿತ್ತು.

ಇಳಿಹೊತ್ತಿಗೆ ಅವಳಿಗೆ ತಲೆ ಬಾಚಿ ಹೆಣೆದೆ. ಜಡೆಯ ಮೇಲೆ ಪಟ್ಟೆಯನ್ನಿಟ್ಟು ದಾರದಿಂದ ಬಿಗಿದೆ. ಮನೆಯಲ್ಲಿ ಉಡುವ ಹತ್ತಿಯ ಸೀರೆ, ಕೈಯಲ್ಲಿ ಎರಡೇ ಬಳೆ, ಬೆನ್ನ ಮೇಲೆ ಮಾತ್ರ ಮಹಾರಾಣಿಯ ಹಾಗೆ ಆ ಬಿಳಿಯ ಜಡೆ. ಮಗ ಬಂದವನು ಬಾಗಿಲಲ್ಲೇ ನಿಂತ. "ಇವತ್ತು ಏನ್ ವಿಶೇಷ?" ಎಂದು ಕೇಳಿದ. ಅವನು ಚಪ್ಪಲಿ ಬಿಟ್ಟು ಅವಳ ಎದುರಿಗೆ ಕೂತ.

ಆಗ ಮೊಗ್ಗುಗಳು ಇನ್ನೂ ಮುಚ್ಚಿದ್ದವು, ಅಕ್ಕಿಯ ಕಾಳಿನ ಹಾಗೆ ಗಟ್ಟಿ. ನನಗೆ ಒಂದು ಅನುಮಾನ ಕಾಡುತ್ತಿತ್ತು. ಬೆಳಿಗ್ಗೆಯಿಂದ ಕಿಟಕಿ ಮುಚ್ಚಿದ ಕೋಣೆ, ಏಸಿಯ ತಂಪು, ಸೂಜಿ ಚುಚ್ಚಿದ ತೊಟ್ಟು. ಇವಕ್ಕೆ ಸಂಜೆಯಾದದ್ದು ಹೇಗೆ ತಿಳಿಯಬೇಕು? ಬಿರಿಯದೆ ಹಾಗೇ ಬಾಡಿದರೆ?

ದೀಪ ಹಚ್ಚುವ ಹೊತ್ತಿಗೆ ನಾನು ತಾರಸಿಗೆ ಹೋದೆ, ಅವಳು ಬಿಡಿಸದೆ ಉಳಿಸಿದ್ದ ಕೊಂಬೆಯನ್ನು ನೋಡಲು. ಸಮುದ್ರದ ಕಡೆಯಿಂದ ಗಾಳಿ ತಿರುಗಿತ್ತು. ಅಲ್ಲೂ ಮೊಗ್ಗು ಮುಚ್ಚಿಯೇ ಇತ್ತು. ನೋಡುತ್ತಿದ್ದ ಹಾಗೆ ಒಂದರ ತುದಿ ಸಡಿಲವಾಯಿತು. ದಳವೊಂದು ಹಿಂದಕ್ಕೆ ಬಾಗಿತು, ಪಕ್ಕದಲ್ಲೊಂದು, ಮತ್ತೊಂದು. ಗಾಳಿಗೆ ವಾಸನೆ ಬಂತು. ಮೆಟ್ಟಿಲಿಳಿದು ಕೋಣೆಗೆ ಓಡಿದೆ.

ಟಿವಿ ಆರಿಸಿದ್ದರು. ಮನೆಯವರೂ ಮಗನೂ ಜಡೆಯನ್ನೇ ನೋಡುತ್ತ ಕೂತಿದ್ದರು. ಸೊಸೆ ಬೆನ್ನು ಈ ಕಡೆ ಮಾಡಿಕೊಂಡು, ಅಲುಗಾಡದೆ. ಅವಳ ಬೆನ್ನ ಮೇಲೆ ನೆತ್ತಿಯಿಂದ ಶುರುವಾಗಿ ಕೆಳಗಿನವರೆಗೆ, ಒಂದರ ಪಕ್ಕದಲ್ಲೊಂದು, ಮೊಗ್ಗುಗಳು ಬಿರಿಯುತ್ತಿದ್ದವು. ಗಿಡದಿಂದ ಬೆಳಿಗ್ಗೆಯೇ ಬೇರೆಯಾಗಿದ್ದವು, ನಡುವೆ ಒಂದು ಮಹಡಿಯ ಕಾಂಕ್ರೀಟು ಇತ್ತು. ಆದರೂ ಮೇಲೆ ಕೊಂಬೆಯಲ್ಲಿ ಉಳಿದವು ಯಾವ ಗಳಿಗೆಗೆ ಕಣ್ಣು ಬಿಟ್ಟವೋ ಅದೇ ಗಳಿಗೆಗೆ ಇವೂ ಬಿಟ್ಟಿದ್ದವು. ಜಡೆ ಕಣ್ಣೆದುರೇ ದಪ್ಪವಾಗುತ್ತಿತ್ತು, ಉಸಿರೆಳೆದುಕೊಂಡ ಹಾಗೆ. ನಾನು ಕೈ ಮುಗಿಯಲೂ ಇಲ್ಲ, ಮುಟ್ಟಲೂ ಇಲ್ಲ.

"ಮೇಲೂ ಬಿರೀತಾ ಅತ್ತೆ?" ಅವಳು ತಿರುಗದೆಯೇ ಕೇಳಿದಳು.

"ಬಿರೀತು ಕಣಮ್ಮ."

"ಒಟ್ಟಿಗೇನಾ?"

"ಒಟ್ಟಿಗೇ."

ಅವಳು ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದಳು, ಹಿಂದೆ ಯಾರೋ ಕೂತು ಜಡೆಯ ತುದಿಯನ್ನು ಹಿಡಿದಿರುವಾಗ ಹೆಣ್ಣುಮಕ್ಕಳು ವಾಲಿಸುವ ಹಾಗೆ, ಮತ್ತು ಹಾಗೆಯೇ ಕೂತಿದ್ದಳು.